ಕತ್ತರಿ ಯಾರ ಕೈಯಲ್ಲಿರಬೇಕು?

ಸಂದರ್ಶನ ಕೊಟ್ಟವರ ಮಾತನ್ನು ಎಷ್ಟು ಕತ್ತರಿಸಬಹುದು? ಮೊದಲ ಪಾಡ್‌ಕಾಸ್ಟ್ ಮಾಡಲು ಹೊರಟವರು ಸಾಮಾನ್ಯವಾಗಿ ಕೇಳುವುದು ಇದನ್ನಲ್ಲ, ಯಾವ ಮೈಕ್ ಕೊಳ್ಳಬೇಕು ಎಂದು. ಮೈಕಿನ ವಿಷಯ ಬೇಗ ಮುಗಿಯುತ್ತದೆ: ಕಾಲರಿಗೆ ಸಿಕ್ಕಿಸುವ ಸಾಧಾರಣ ಮೈಕ್ ಸಾಕು, ಫ್ಯಾನ್ ಆರಿಸಬೇಕು, ಶಿವಮೊಗ್ಗದ ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕೂರಬಾರದು. ಕತ್ತರಿಯ ವಿಷಯ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ.

ಭದ್ರಾವತಿಯಲ್ಲಿ 1965ರಿಂದ ಆಕಾಶವಾಣಿ ಕೇಂದ್ರವಿದೆ. ರೇಡಿಯೊದಲ್ಲಿ ಈ ಪ್ರಶ್ನೆಯನ್ನು ಬಹುಮಟ್ಟಿಗೆ ಗಡಿಯಾರವೇ ತೀರ್ಮಾನಿಸುತ್ತದೆ. ಮುಂದಿನ ಕಾರ್ಯಕ್ರಮದ ಹೊತ್ತಿಗೆ ಮಾತು ನಿಲ್ಲಲೇಬೇಕು. ಪಾಡ್‌ಕಾಸ್ಟಿಗೆ ಆ ಕಟ್ಟಿಲ್ಲ. ಹಾಗಾಗಿ ಎರಡು ತಾಸಿನ ಮಾತನ್ನು ಇದ್ದಂತೆಯೇ ಹಾಕಿ, ಅದೇ ಪ್ರಾಮಾಣಿಕತೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೇಳುವವರ ಹೊತ್ತಿಗೂ ಬೆಲೆಯಿದೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದ ಹಿರಿಯರನ್ನು ಹಾಗೆಯೇ ಊರಿಗೆಲ್ಲ ಕೇಳಿಸುವುದು ಅವರಿಗೆ ತೋರುವ ಮರ್ಯಾದೆಯೂ ಅಲ್ಲ. ಆದರೆ ಮೊದಲ ಕತ್ತರಿ ಸಂದರ್ಶಕರ ಮಾತಿನ ಮೇಲೆ ಬೀಳಬೇಕು. ಚಿಕಾಗೋದ ರೇಡಿಯೊ ಸಂದರ್ಶಕ ಸ್ಟಡ್ಸ್ ಟರ್ಕೆಲ್ 1974ರಲ್ಲಿ ದುಡಿಯುವ ಜನರ ಮಾತುಗಳನ್ನು ‘ವರ್ಕಿಂಗ್’ ಎಂಬ ಪುಸ್ತಕವಾಗಿಸಿದಾಗ ತಮ್ಮ ಪ್ರಶ್ನೆಗಳನ್ನೇ ಬಹುಪಾಲು ತೆಗೆದುಹಾಕಿದರು.

ನಮ್ಮ ಪಾಡ್‌ಕಾಸ್ಟಿನ ಮೊದಲ ಸಂಚಿಕೆಯಲ್ಲಿ ಮಾತಾಡಿದವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ನಿವೃತ್ತ ಕಾರ್ಮಿಕರೊಬ್ಬರು. 1923ರಲ್ಲಿ ಉತ್ಪಾದನೆ ಶುರುಮಾಡಿ, ಮಲೆನಾಡಿನ ಸೌದೆಯ ಇದ್ದಿಲಿನಿಂದಲೇ ಕುಲುಮೆ ಉರಿಸಿದ ಕಾರ್ಖಾನೆ ಅದು. ‘2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಹೇಗನ್ನಿಸಿತು?’ ಎಂದರೆ, ‘ಏನನ್ಸುತ್ತೆ ಸರ್, ಬೇಜಾರು’ ಎಂದಷ್ಟೇ ಹೇಳಿದರು. ‘ನೈಟ್ ಶಿಫ್ಟಿಗೆ ಹೋಗುವಾಗ ಏನೇನು ಒಯ್ಯುತ್ತಿದ್ದಿರಿ?’ ಎಂದಾಗ ಮಾತು ಬಿಚ್ಚಿಕೊಂಡಿತು: ಊಟದ ಕ್ಯಾರಿಯರ್ರು, ತಲೆಗೆ ಸುತ್ತುವ ಟವಲ್ಲು, ಬೆಂಕಿಯೆದುರು ನಿಂತು ಬಂದಮೇಲೆ ಕುಡಿಯುವ ನೀರು ಮಜ್ಜಿಗೆ, ಪಕ್ಕದಲ್ಲಿ ನಿಲ್ಲುತ್ತಿದ್ದ ಗೆಳೆಯ. ಗೆಳೆಯನ ಹೆಸರು ಬಾಯಿಗೆ ಬಂದೊಡನೆ ಅವರು ಸುಮ್ಮನಾದರು.

ಎಡಿಟಿಂಗ್ ಸಾಫ್ಟ್‌ವೇರಿನ ಪರದೆಯ ಮೇಲೆ ಆ ಮೌನ ಬರೀ ಒಂದು ಗೆರೆ. ಇಂಥ ಗೆರೆಗಳನ್ನೆಲ್ಲ ಒಂದೇ ಸಲಕ್ಕೆ ಅಳಿಸುವ ಅನುಕೂಲವೂ ಅದರಲ್ಲಿದೆ. ಅಳಿಸಿದರೆ ಸಂಚಿಕೆ ಚುರುಕಾಗುತ್ತದೆ, ಗೆಳೆಯ ಮಾತ್ರ ಟವಲ್ಲು, ಮಜ್ಜಿಗೆಯ ಪಟ್ಟಿಯಲ್ಲಿ ಒಂದಾಗಿಬಿಡುತ್ತಾನೆ. ನಾವು ಆ ಮೌನವನ್ನು ಉಳಿಸಿದೆವು. ಅವರ ಕನ್ನಡದಲ್ಲಿ ನಡುನಡುವೆ ಸುಳಿಯುವ ತಮಿಳನ್ನೂ ಮುಟ್ಟಲಿಲ್ಲ; ಹೊರಗಿನಿಂದ ದುಡಿಮೆಗೆ ಬಂದವರು ಸೇರಿ ಕಟ್ಟಿದ ಊರಿನ ಮಾತು ಇರುವುದೇ ಹಾಗೆ. ಹೇಳಿದ್ದನ್ನೇ ಹೇಳಿದಲ್ಲಿ, ದಾರಿ ತಪ್ಪಿದಲ್ಲಿ ಮೊಟಕು ಮಾಡಬಹುದು. ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದು ಪ್ರಶ್ನೆಯ ಕೆಳಗೆ ಜೋಡಿಸುವುದು ಮಾತ್ರ ವಂಚನೆ. ಕೇಳುಗರಿಗೆ ಅದು ಎಂದೂ ಗೊತ್ತಾಗದು, ಹೇಳಿದವರಿಗೆ ಕೇಳಿದ ಕೂಡಲೇ ಗೊತ್ತಾಗುತ್ತದೆ.

ಆದ್ದರಿಂದ ಪ್ರಸಾರಕ್ಕೆ ಮೊದಲು ಅವರಿಗೊಮ್ಮೆ ಕೇಳಿಸಬೇಕು ಎನ್ನುವುದು ನನ್ನ ವಾದ. ಪತ್ರಿಕೆಯ ಗೆಳೆಯರು ಇದಕ್ಕೆ ಒಪ್ಪುವುದಿಲ್ಲ: ಅತಿಥಿಯ ಕೈಗೆ ಕತ್ತರಿ ಕೊಟ್ಟರೆ ಸತ್ಯ ಉಳಿಯುತ್ತದೆಯೇ ಎನ್ನುತ್ತಾರೆ. ಮಂತ್ರಿಯ ಸಂದರ್ಶನವಾದರೆ ಅವರ ಮಾತೇ ಸರಿ. ಅಧಿಕಾರದಲ್ಲಿದ್ದವರು ಆಡಿದ ಮಾತಿಗೆ ಊರಿಗೆ ಉತ್ತರ ಕೊಡಬೇಕು, ಅದನ್ನು ಹಿಂತೆಗೆದುಕೊಳ್ಳಲು ಬಿಡಬಾರದು. ನಿವೃತ್ತ ಕಾರ್ಮಿಕರು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಮರುದಿನವೂ ಅದೇ ಬೀದಿಯಲ್ಲಿ, ತಾವು ಹೆಸರೆತ್ತಿದವರ ಮಕ್ಕಳ ನಡುವೆಯೇ ಬದುಕಬೇಕು. ನಮ್ಮ ಅತಿಥಿ ಪೂರ್ತಿ ಕೇಳಿ, ಹಳೆಯ ಮೇಲಧಿಕಾರಿಯೊಬ್ಬರ ಬಗ್ಗೆ ಆಡಿದ ನಾಲ್ಕು ಮಾತು ತೆಗೆಯಿರಿ ಎಂದರು. ಇಡೀ ಸಂಚಿಕೆಯಲ್ಲಿ ಅದಕ್ಕಿಂತ ಬಿಸಿಯಾದ ಮಾತು ಬೇರೊಂದಿರಲಿಲ್ಲ. ತೆಗೆದೆವು.