ಬ್ಯಾಟರಿ ಸೈಕಲ್ ಹೊಡದ್ರ ಮೈಗೆ ಏನರ ಆಕ್ಕೈತೇನು?

ಆಕ್ಕೈತಿ. ಆದ್ರ ಪೆಡಲ್ ತುಳೀಬೇಕು, ಅಷ್ಟ.

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಎಲೆಕ್ಟ್ರಿಕ್ ಬೈಕ್ ಅಂದ್ರ ಜನರಿಗೆ ನೆನಪಾಗೋದು ಸ್ಕೂಟಿ. ಅದರ ಮ್ಯಾಲ ಕುಂತು ಬಜಾರಕ್ಕ ಹೋಗಿಬಂದ್ರ ಪೆಟ್ರೋಲಿನ ರೊಕ್ಕ ಉಳೀತೈತಿ, ಹೊಟ್ಟಿ ಕರಗಂಗಿಲ್ಲ. ನಾನು ಹೇಳಾಕತ್ತಿದ್ದು ಪೆಡಲ್ ಇರೋ ಸೈಕಲ್ಲಿನ ಮಾತು. ನೀವು ತುಳಿದಾಗ ಮೋಟಾರು ಒಂದಿಷ್ಟು ಜೋಡಿ ಆಕ್ಕೈತಿ, ಬಿಟ್ರ ಅದೂ ಬಿಡತೈತಿ. ಮೋಟಾರು 250 ವ್ಯಾಟ್ ಒಳಗ, ವೇಗ ತಾಸಿಗೆ 25 ಕಿಲೋಮೀಟರ್ ಒಳಗ ಇದ್ರ ಲೈಸನ್ಸೂ ಬ್ಯಾಡ, ನಂಬರ್ ಪ್ಲೇಟೂ ಬ್ಯಾಡ.

‘ಮೋಟಾರ್ ಇದ್ದ ಮ್ಯಾಲ ಅದೆಂಥಾ ವ್ಯಾಯಾಮ’ ಅಂತ ನಗೋರು ಅದಾರ. ಯುರೋಪಿನ ಏಳು ನಗರದಾಗ ಸೈಕಲ್ ಹೊಡೆಯೋರನ್ನ ಕೇಳಿ ಮಾಡಿದ ಅಧ್ಯಯನ ಒಂದು 2019ರಾಗ ಬಂತು. ವಾರದ ಲೆಕ್ಕ ಹಾಕಿದ್ರ ಬ್ಯಾಟರಿ ಸೈಕಲ್ಲಿನವರ ಶ್ರಮ ಸಾದಾ ಸೈಕಲ್ಲಿನವರಷ್ಟ ಇತ್ತು. ಕಿಲೋಮೀಟರಿಗೆ ಬೆವರು ಕಮ್ಮಿ, ಆದ್ರ ಅವರು ದೂರ ದೂರ ಹೋಗತಿದ್ರು. ನಮ್ಮ ಕಡಿಗೆ ಇದು ಇನ್ನೂ ಚಲೋ ಒಪ್ಪತೈತಿ. ಸಿಂಧನೂರಿನ ಕಾಲುವಿ ಬಯಲಿನ್ಯಾಗ ಸಾದಾ ಸೈಕಲ್ ನಡದೀತು, ಲಿಂಗಸುಗೂರ ಕಡೆ ಕಲ್ಲುಗುಡ್ಡ, ಏರು. ಮ್ಯಾಲ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲು. ಹುರುಪಿಲೆ ಸೈಕಲ್ ತಂದು ಎಂಟು ದಿನ ಹೊಡದು, ಆಮ್ಯಾಲ ಅಂಗಳದಾಗ ಅದರ ಮ್ಯಾಲ ಟವಲ್ ಒಣಹಾಕೋ ಮನಿ ಎಷ್ಟಿಲ್ಲ! ನಿಂತ ಸಾದಾ ಸೈಕಲ್ಲಿಗಿಂತ ಓಡೋ ಬ್ಯಾಟರಿ ಸೈಕಲ್ ಮೇಲು ಅಂತೀನಿ.

ನನಗ ಮುಖ್ಯ ಅನಸೋದು ಹೆಣ್ಮಕ್ಕಳ ಮಾತು. ಶುಗರ್ ಬಂತಂದ್ರ ಡಾಕ್ಟರು ‘ವಾಕಿಂಗ್ ಮಾಡ್ರಿ ಅಮ್ಮಾ’ ಅಂತಾರ. ಎಲ್ಲಿ ಮಾಡೂಣ್ರಿ? ಮೂರೂ ಊರಿಗೆ 150ಎ ಹೆದ್ದಾರಿ ಬರತೈತಿ, ಅದರ ಮ್ಯಾಲ ಲಾರಿಗಳ ಸಾಲು. ಮೊಣಕಾಲು ನೋಯೋರಿಗಂತೂ ನಡಿಯೋದ ಒಂದು ಶಿಕ್ಷಾ. ಸೈಕಲ್ ಮ್ಯಾಲ ಮೈಭಾರ ಸೀಟು ಹೊರತೈತಿ, ಮೊಣಕಾಲಲ್ಲ. 2006-07ರಿಂದ ಸರಕಾರ ಎಂಟನೇತ್ತೆ ಮಕ್ಕಳಿಗೆ ಸೈಕಲ್ ಕೊಡಾಕ ಶುರು ಮಾಡಿತ್ತಲ್ಲ, ಆಗಿನ ಹುಡುಗ್ಯಾರು ಈಗ ಮೂವತ್ತು ದಾಟ್ಯಾರ. ಬ್ಯಾಲೆನ್ಸ್ ಅವರ ಕಾಲು ಮರತಿಲ್ಲ. ಮದಿವಿ ಆದ ಮ್ಯಾಲ ಸೀರಿ ಉಟಗೊಂಡು ಸೈಕಲ್ ಹೊಡದ್ರ ಓಣಿ ಮಂದಿ ಏನಂತಾರ ಅನ್ನೋದ ಅಡ್ಡಿ. ಸ್ಕೂಟಿಗಿಲ್ಲದ ನಾಚಿಕಿ ಸೈಕಲ್ಲಿಗ್ಯಾಕ? ‘ಕರೆಂಟ್ ಗಾಡಿ’ ಅಂತ ಹೇಳಿ ಹತ್ರಿ, ಬಾಯಿ ಮುಚ್ಚಗೊಂಡಿರತಾರ.

ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕ ಕನಿಷ್ಠ 150 ನಿಮಿಷ ಅನ್ನತೈತಿ. ಐದು ದಿನ, ಅರ್ಧ ಅರ್ಧ ತಾಸು. ಮಾತಾಡಾಕ ಬರಬೇಕು, ಹಾಡಾಕ ಬರಬಾರದು, ಅಷ್ಟು ಉಸಿರು ಏರಿದ್ರ ಸಾಕು. ಮಸ್ಕಿಯವರು ಅಶೋಕನ ಶಾಸನದ ಗುಡ್ಡದ ಕಡೆ, ಸಿಂಧನೂರಿನವರು ಕಾಲುವಿ ದಂಡಿ ಹಿಡಿದು ಬೆಳಗಿನ ಐದೂವರಿಗೆ ಹೊಂಟ್ರ ಬಿಸಿಲಿನ ಮಾತಿಲ್ಲ.

ಒಂದು ಮಾತು ಬಿಡಬಾರದು. ದಿನಾ ಕೆಸರಿನ್ಯಾಗ ಬಗ್ಗಿ ಭತ್ತ ಹಚ್ಚೋ ಅಕ್ಕಾರಿಗೆ ಈ ವ್ಯಾಯಾಮದ ಉಪದೇಶ ಮಾಡಾಕ ಹೋಗಬ್ಯಾಡ್ರಿ. ಅವರಿಗೆ ಬ್ಯಾಟರಿ ಗಾಡಿ ಸಿಕ್ರ ರೇಸ್ ಕೊಟ್ಟು ಆರಾಮಾಗಿ ಮನಿಗೆ ಹೋಗಲಿ.

ಕುಂತು ಉಣ್ಣೋ ನಾವು ತಗೊಳ್ಳಾಕ ಹೋದಾಗ, ಬರೇ ರೇಸ್ ಕೊಟ್ರ ಓಡೋ ಗಾಡಿ ಬ್ಯಾಡ ಅನಬೇಕು. ತುಳಿದಷ್ಟ ಜೋರು ಕೊಡೋದು ಕೇಳ್ರಿ, ಮೋಟಾರನ್ನ ಕೆಳಗಿನ ನಂಬರಿಗೆ ಇಟಗೊಳ್ರಿ. ಪಂಕ್ಚರ್, ಚೈನು ನಮ್ಮ ಸೈಕಲ್ ಅಂಗಡಿಯವರು ನೋಡತಾರ. ಬ್ಯಾಟರಿ ಕೆಟ್ರ ಯಾವೂರಿಗೆ ಒಯ್ಯಬೇಕು ಅನ್ನೋದನ್ನ ರೊಕ್ಕ ಎಣಿಸೋಕಿಂತ ಮೊದಲ ಕೇಳ್ರಿ.