ಇಷ್ಟಪಟ್ಟದ್ದನ್ನೇ ಮೊದಲು ಬರೆಯಿರಿ



ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ಸುಗ್ಗಿ ನಡೆಯುವ ಹೊತ್ತಿಗೇ ನಮ್ಮ ಜಿಲ್ಲೆಯ ಮನೆಗಳಿಗೆ ಸಿಇಟಿ ರ‍್ಯಾಂಕ್ ಬರುತ್ತದೆ. ತೋತಾಪುರಿಗೆ ಈ ವರ್ಷ ಎಷ್ಟು ಬೆಲೆ ಎಂದು ವಿಚಾರಿಸುವವರೇ, "ಈ ರ‍್ಯಾಂಕಿಗೆ ಆ ಕಾಲೇಜು ಸಿಕ್ಕೀತೇ?" ಎಂದೂ ಕೇಳುತ್ತಾರೆ. ನಾನು ನಿವೃತ್ತನಾದ ಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳಿಂದ ತಂದೆತಾಯಿಗಳು ಅಂಕಪಟ್ಟಿ ಹಿಡಿದು ನನ್ನಲ್ಲಿಗೆ ಬರುತ್ತಾರೆ. ಸರ್ಕಾರಿ ಎಂಜಿನಿಯರ್ ಆಗಿದ್ದವನಿಗೆ ಇದೆಲ್ಲ ತಿಳಿದಿರುತ್ತದೆ ಎಂಬ ವಿಶ್ವಾಸ ಅವರದು. ಅವರ ಪಕ್ಕದಲ್ಲಿ ಕೂತ ಮಕ್ಕಳ ಮುಖ ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟು: ಆ ಭಯದ ಅರ್ಧ ಪಾಲು ಮಾಹಿತಿಯ ಕೊರತೆಯದು. ಅದನ್ನು ತಿಳಿದವರು ಒಂದು ಮಧ್ಯಾಹ್ನದಲ್ಲಿ ನೀಗಿಸಬಹುದು.

ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕ ಕೊಟ್ಟು ಎಂಜಿನಿಯರಿಂಗ್ ರ‍್ಯಾಂಕ್ ಸಿದ್ಧವಾಗುತ್ತದೆ. ನಂತರ ವಿದ್ಯಾರ್ಥಿ ತನಗೆ ಬೇಕಾದ ಕಾಲೇಜು ಮತ್ತು ವಿಭಾಗಗಳನ್ನು ಸಾಲಾಗಿ ದಾಖಲಿಸಬೇಕು. ಗಣಕಯಂತ್ರ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೊದಲನೆಯದು ಖಾಲಿ ಇಲ್ಲವೇ? ಎರಡನೆಯದು. ಅದೂ ಇಲ್ಲವೇ? ಮೂರನೆಯದು. ಮೇಲಿನದು ಸಿಗಲಿಲ್ಲವೆಂದು ಕೆಳಗಿನದಕ್ಕೆ ನಿಮ್ಮ ಸರದಿ ಹಿಂದೆ ಹೋಗುವುದಿಲ್ಲ.

ಈ ಒಂದು ಮಾತು ಅನೇಕರಿಗೆ ಗೊತ್ತಿಲ್ಲ. ಮುಳಬಾಗಿಲು ಕಡೆಯ ಒಬ್ಬ ಹುಡುಗಿಗೆ ಅಣಕು ಹಂಚಿಕೆಯಲ್ಲಿ ಪಟ್ಟಿಯ ತೀರಾ ಕೆಳಗಿನ ಕಾಲೇಜು ಬಂದಿತ್ತು. "ತಾತ, ಮೇಲಿನ ಹತ್ತು ಕಾಲೇಜು ತೆಗೆದುಬಿಡ್ತೀನಿ, ಆಸೆಪಟ್ಟು ಇರೋದೂ ಹೋದೀತು" ಎಂದಳು. ತೆಗೆದರೆ ಲಾಭವೇನೂ ಇರಲಿಲ್ಲ, ಇರುವ ಅವಕಾಶವೇ ಕೈಬಿಡುತ್ತಿತ್ತು. ಅಣಕು ಹಂಚಿಕೆ ಸೀಟು ಕೊಡುವುದಿಲ್ಲ, ಗಾಳಿ ಎತ್ತ ಬೀಸುತ್ತಿದೆ ಎಂದು ತೋರಿಸುತ್ತದೆ ಅಷ್ಟೆ. ಅದನ್ನು ನೋಡಿಕೊಂಡು ಎಲ್ಲರೂ ಪಟ್ಟಿ ತಿದ್ದುತ್ತಾರೆ, ಲೆಕ್ಕ ಬದಲಾಗುತ್ತದೆ.

ಅಮೆರಿಕದಲ್ಲಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳ ಚಿಂತೆ ಬೇರೆ ಬಗೆಯದು. ಅಲ್ಲಿ 'ಅರ್ಲಿ ಡಿಸಿಷನ್' ಎಂಬ ಪದ್ಧತಿಯಿದೆ. ಒಂದೇ ಕಾಲೇಜನ್ನು ಆರಿಸಿ, ಪ್ರವೇಶ ಸಿಕ್ಕರೆ ಸೇರಿಯೇ ಸೇರುತ್ತೇನೆ ಎಂದು ಮಾತು ಕೊಟ್ಟು, ಸಾಮಾನ್ಯವಾಗಿ ನವೆಂಬರ್ ಆರಂಭದೊಳಗೆ ಅರ್ಜಿ ಹಾಕಬೇಕು. ಡಿಸೆಂಬರ್ ಮಧ್ಯದ ಹೊತ್ತಿಗೆ ಉತ್ತರ ಬರುತ್ತದೆ. ಆ ಒಂದು ಅವಕಾಶವನ್ನು ಯಾವ ಕಾಲೇಜಿಗೆ ಮೀಸಲಿಡಬೇಕೆಂಬ ಲೆಕ್ಕಾಚಾರ ಅಲ್ಲಿ ಅನಿವಾರ್ಯ. ನಮ್ಮಲ್ಲಿ ಆ ಕಟ್ಟು ಇಲ್ಲ. ಕನಸಿನ ಕಾಲೇಜನ್ನು ಮೊದಲ ಸಾಲಿನಲ್ಲಿ ಬರೆಯಲು ನಮ್ಮ ಮಕ್ಕಳು ಯಾವ ಬೆಲೆಯನ್ನೂ ತೆರಬೇಕಾಗಿಲ್ಲ.

ನಿಜವಾದ ಪರೀಕ್ಷೆ ಇರುವುದು ಸೀಟು ಹಂಚಿಕೆಯಾದ ಮೇಲೆ. ಒಪ್ಪಿಕೊಂಡು ಸೇರುವುದು, ಒಪ್ಪಿಕೊಂಡೂ ಮೇಲಿನದಕ್ಕೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು ಎಂಬ ನಾಲ್ಕು ದಾರಿಗಳನ್ನು ಪ್ರಾಧಿಕಾರ ಕೊಡುತ್ತಾ ಬಂದಿದೆ. ಎರಡನೆಯದನ್ನು ಆರಿಸಿದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕಿತೆಂದರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ. ಮತ್ತೆ ಅಂಗಲಾಚಿದರೂ ಅದು ಬಾರದು. ಆದುದರಿಂದ ನಿಜವಾಗಿ ಹೋಗಲು ಮನಸ್ಸಿರುವ ಕಾಲೇಜುಗಳಷ್ಟೇ ಮೇಲಿರಲಿ. ಫಲಿತಾಂಶದ ರಾತ್ರಿ ನೆಂಟರ ದೂರವಾಣಿ ಕರೆಗಳ ನಡುವೆ ಇದನ್ನು ನಿರ್ಧರಿಸಬಾರದು. ವಾರ ಮುಂಚೆ ಮನೆಯವರೆಲ್ಲ ಕೂತು, "ಇಂಥದ್ದು ಬಂದರೆ ಸೇರುವುದು, ಇಂಥದ್ದು ಬಂದರೆ ಕಾಯುವುದು" ಎಂದು ಕಾಗದದ ಮೇಲೆ ಬರೆದಿಡಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಕೈಪಿಡಿಯನ್ನೇ ಓದಬೇಕು, ಪಕ್ಕದ ಮನೆಯವರ ಹಳೆಯ ಅನುಭವ ಸಾಲದು.

ಇನ್ನೊಂದು ವಿಷಯ ದಾಖಲೆಗಳದು. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯಿದೆ. ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗದ ಪ್ರಮಾಣಪತ್ರ ಕಾಲಕ್ಕೆ ಸರಿಯಾಗಿ ಇಲ್ಲದೆ ನಮ್ಮ ಹಳ್ಳಿಯ ಮಕ್ಕಳು ಇದನ್ನು ಕಳೆದುಕೊಳ್ಳುವುದುಂಟು. ಸಾಧ್ಯತೆ ಎಷ್ಟು ಎಂದು ನಿದ್ದೆಗೆಡುವ ಮನೆಯಲ್ಲಿ ಈ ಒಂದು ಹಾಳೆಗಾಗಿ ಯಾರೂ ಓಡಾಡಿರುವುದಿಲ್ಲ. ಕೈಯಲ್ಲಿಲ್ಲದ್ದಕ್ಕೆ ಕೊರಗಿ ಕೈಯಲ್ಲಿದ್ದದ್ದನ್ನು ಬಿಡುವುದೆಂದರೆ ಇದೇ.

ಚಿಂತೆ ಮಿತಿ ಮೀರಿದಾಗ ದಲ್ಲಾಳಿಗಳಿಗೆ ಸುಗ್ಗಿ. ಶ್ರೀನಿವಾಸಪುರ ಕಡೆಯ ಒಬ್ಬ ರೈತರು ಹೆಸರಾಂತ ಕಾಲೇಜಿನ ಸೀಟಿಗಾಗಿ ಎರಡು ಎಕರೆ ಮಾವಿನ ತೋಪು ಮಾರಲು ಹೊರಟಿದ್ದರು. ಮಗನಿಗೆ ಸರ್ಕಾರಿ ಶುಲ್ಕದಲ್ಲೇ ಬೇರೊಂದು ಕಾಲೇಜಿನಲ್ಲಿ ಸಿವಿಲ್ ವಿಭಾಗ ಸಿಗುವಂತಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಆ ಕಾಲೇಜು ನಿಮ್ಮ ಮಗನ ಆಸೆಯೋ, ನಿಮ್ಮ ಭಾವಮೈದುನರ ಮುಂದೆ ಹೇಳಿಕೊಳ್ಳುವ ಆಸೆಯೋ?" ಮಗ ತಲೆ ತಗ್ಗಿಸಿದ. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ತೋಪು ಉಳಿಯಿತು.

ನಮ್ಮ ಮಣ್ಣಿನವರನ್ನೇ ನೋಡಿ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಮುಳಬಾಗಿಲಿನ ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ಕೂಡ ದಾಟಲಿಲ್ಲ; 1961ರಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಈ ಕಥೆಗಳಿಂದ ಮಕ್ಕಳ ಬಾಯಿ ಮುಚ್ಚಿಸುವುದು ನನ್ನ ಉದ್ದೇಶವಲ್ಲ. ಇಂದು ಪದವಿ ಬೇಕು, ಒಳ್ಳೆಯ ಕಾಲೇಜಿನಿಂದ ಅನುಕೂಲವೂ ಉಂಟು. ಆದರೆ ಬಾಗಿಲು ಒಂದೇ ಅಲ್ಲ. ಡಿಪ್ಲೊಮಾ ಮುಗಿಸಿದವರು ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರುವ ದಾರಿ ಈಗಲೂ ಇದೆ. ಇಲಾಖೆಯಲ್ಲಿ ನಾನು ಕಂಡ ಸಮರ್ಥ ಎಂಜಿನಿಯರುಗಳಲ್ಲಿ ಆ ದಾರಿಯಲ್ಲಿ ಬಂದವರು ಹಲವರು. ಕೆರೆಯ ಏರಿ ಬಿರುಕು ಬಿಟ್ಟ ರಾತ್ರಿ ಯಾರೂ ಅವರ ಕಾಲೇಜಿನ ಹೆಸರು ಕೇಳಲಿಲ್ಲ. ಕಾಯಕ ಬಲ್ಲವರೇ ಎಂದಷ್ಟೇ ನೋಡಿದರು.

ಕೊನೆಯದಾಗಿ ಒಂದು ಸಲಹೆ. ನಮ್ಮ ಮಠಗಳು ಮೊದಲು ಪ್ರಸಾದನಿಲಯ ಕಟ್ಟಿದವು, ಆಮೇಲೆ ಕಾಲೇಜು ಕಟ್ಟಿದವು. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರಲ್ಲಿ ಆರಂಭವಾಯಿತು. ಈಗ ಬೇಕಾಗಿರುವುದು ಕಟ್ಟಡವಲ್ಲ. ಆಯ್ಕೆ ದಾಖಲಿಸುವ ದಿನಗಳಲ್ಲಿ ತಾಲ್ಲೂಕಿಗೊಂದು ಕಡೆ, ಮಠದ ಜಗಲಿಯೋ ಶಾಲೆಯ ಕೊಠಡಿಯೋ ಸಾಕು, ಎರಡು ಭಾನುವಾರ ನಿವೃತ್ತ ಎಂಜಿನಿಯರುಗಳು, ಉಪನ್ಯಾಸಕರು ಒಂದು ಗಣಕಯಂತ್ರದೊಡನೆ ಕೂರಲಿ. ಬಂದ ಮಗುವಿನ ಜಾತಿಯನ್ನೂ ಊರನ್ನೂ ನೋಡದೆ ಪಟ್ಟಿ ಓದಿ, ತಿದ್ದಿ, ಧೈರ್ಯ ಹೇಳಿ ಕಳಿಸಲಿ. ದುಡ್ಡಿಲ್ಲದವನೂ ಮಾಡಬಹುದಾದ ದಾಸೋಹ ಇದು. ಕೋಲಾರದಲ್ಲಿ ಆರಂಭಿಸುವುದಾದರೆ ಮೊದಲ ಭಾನುವಾರ ನಾನು ಬರುತ್ತೇನೆ.