ನಾಲ್ಕೂವರೆ ಗಂಟೆಯ ದಾರಿ



ಕಳೆದ ಕಾರ್ತಿಕದಲ್ಲಿ ಹೊಸನಗರ ತಾಲ್ಲೂಕಿನ ಭಕ್ತರೊಬ್ಬರ ಮನೆಗೆ ನಾವು ಹೋಗಬೇಕಾಯಿತು. ಮನೆಯ ಹಿರಿಯ ತಾಯಿ ಹಿಂದಿನ ದಿನ ಬೆಳಿಗ್ಗೆ 10 ಗಂಟೆಗೆ ಲಿಂಗೈಕ್ಯರಾಗಿದ್ದರು. ಕಿರಿಯ ಮಗನಿಗೆ ಸಿಂಗಾಪುರದಲ್ಲಿ ಉದ್ಯೋಗ. ಅವನಿಗಾಗಿ ಕಾದು ಕಾದು, ಹೊತ್ತು ಮುಳುಗುವ ಮುನ್ನ ಕ್ರಿಯಾಸಮಾಧಿ ನೆರವೇರಿಸಿದ್ದರು. ಮಗ ಬಂದದ್ದು ಮರುದಿನ ಬೆಳಿಗ್ಗೆ 7ಕ್ಕೆ. ನಾವು ತಲುಪಿದಾಗ ಅಣ್ಣತಮ್ಮಂದಿರು ಒಂದೇ ಜಗಲಿಯ ಎರಡು ತುದಿಗಳಲ್ಲಿ ಕುಳಿತಿದ್ದರು. ಮಾತಿಲ್ಲ.

ಅಣ್ಣನ ಕೈಯಲ್ಲಿ ತಮ್ಮನ ಟಿಕೆಟ್ಟಿತ್ತು. “ನೋಡಿ ಶಾಸ್ತ್ರಿಗಳೇ, ರಾತ್ರಿ 8ಕ್ಕೆ ಹೊರಟು 10ಕ್ಕೆ ಬೆಂಗಳೂರು ಎಂದು ಇದರಲ್ಲೇ ಅಚ್ಚಾಗಿದೆ. ಎರಡೇ ಗಂಟೆಯ ದಾರಿ. ಅವ್ವನಿಗಿಂತ ಇವನಿಗೆ ಕೆಲಸ ಹೆಚ್ಚಾಯಿತು” ಎಂದರು.

ಟಿಕೆಟ್ಟು ಸುಳ್ಳು ಹೇಳುತ್ತಿರಲಿಲ್ಲ. ಓದಿದ ಬಗೆ ತಪ್ಪಾಗಿತ್ತು. ಬೆಂಗಳೂರಿಗೂ ಸಿಂಗಾಪುರಕ್ಕೂ ಆಕಾಶಮಾರ್ಗದಲ್ಲಿ ಸುಮಾರು 3,200 ಕಿಲೋಮೀಟರು, ಸುಮಾರು ನಾಲ್ಕೂವರೆ ಗಂಟೆಯ ಹಾರಾಟ. ಅಲ್ಲಿಯ ಗಡಿಯಾರವಾದರೋ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಹೊರಡುವ ಹೊತ್ತು ಸಿಂಗಾಪುರದ್ದು, ಇಳಿಯುವ ಹೊತ್ತು ನಮ್ಮದು. ಆದುದರಿಂದ ಬರುವಾಗ ಎರಡು ಗಂಟೆಯಂತೆಯೂ ಹೋಗುವಾಗ ಏಳು ಗಂಟೆಯಂತೆಯೂ ಕಾಣುತ್ತದೆ. (ಸೂರ್ಯನ ಲೆಕ್ಕಕ್ಕೆ ಇಷ್ಟೊಂದು ಅಂತರ ಬೇಕಿರಲಿಲ್ಲ. 1982ರ ಆರಂಭದಲ್ಲಿ ಅವರು ಗಡಿಯಾರವನ್ನು ಇನ್ನೂ ಅರ್ಧ ಗಂಟೆ ಮುಂದಿಟ್ಟುಕೊಂಡರು.) ಅಲ್ಲಿಯ ರಾತ್ರಿ 8 ನಮಗೆ ಸಂಜೆ 5-30. ಇಲ್ಲಿ ಸಮಾಧಿಗೆ ಮಣ್ಣು ಕೊಡುತ್ತಿದ್ದಾಗ ಅಲ್ಲಿ ವಿಮಾನ ನೆಲ ಬಿಡುತ್ತಿತ್ತು. ಅಂದು ಅವನಿಗೆ ಸೀಟು ದೊರೆತ ಮೊದಲ ವಿಮಾನವೇ ಅದು.

ಇಳಿದ ಮೇಲಿನ ದಾರಿಯನ್ನು ಯಾರೂ ಎಣಿಸುವುದಿಲ್ಲ. ತಪಾಸಣೆ, ಸಾಮಾನು ಎಂದು ದೇವನಹಳ್ಳಿ ಬಿಡುವಾಗಲೇ ರಾತ್ರಿ ಹನ್ನೊಂದೂವರೆ. ತುಮಕೂರು, ಅರಸೀಕೆರೆ, ಕಡೂರು, ಭದ್ರಾವತಿ, ಶಿವಮೊಗ್ಗ, ಆಯನೂರು, ರಿಪ್ಪನ್‌ಪೇಟೆ ದಾಟಿ ಮನೆ ಸೇರಲು ಏಳೂವರೆ ಗಂಟೆ. ಸಮುದ್ರ ದಾಟಿದ್ದಕ್ಕಿಂತ ನಮ್ಮ ನಾಡಿನೊಳಗಿನ ಪಯಣವೇ ದೀರ್ಘ! ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ಬೆಂಗಳೂರಿನ ವಿಮಾನ ಬರತೊಡಗಿದ್ದು ನಿಜ. ಆದರೆ ನಡುರಾತ್ರಿ ಬಂದಿಳಿದವನಿಗಾಗಿ ಅದು ಕಾದು ನಿಂತಿರುವುದಿಲ್ಲ.

ಸಾಗರದವರ ಲೆಕ್ಕವೂ ಹೆಚ್ಚುಕಡಿಮೆ ಇದೇ. ತುಮರಿ ಭಾಗದವರಂತೂ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಶರಾವತಿ ಹಿನ್ನೀರಿನ ಲಾಂಚಿನ ವೇಳೆಯನ್ನೂ ಕೂಡಿಸಬೇಕಿತ್ತು. ತೀರ್ಥಹಳ್ಳಿಯಲ್ಲಿ ದುಬೈಗೆ ಮಕ್ಕಳನ್ನು ಕಳುಹಿಸಿದವರಿಗೆ ಮಂಗಳೂರು ಹತ್ತಿರ, ಆದರೆ ಮಳೆಗಾಲದಲ್ಲಿ ಆಗುಂಬೆ ಘಾಟಿಯ ಮಾತು ಬೇರೆ.

ಕಾಯಬಾರದಿತ್ತೆಂದಾಗಲೀ ಕಾಯಬೇಕಿತ್ತೆಂದಾಗಲೀ ನಾವು ಹೇಳಲಿಲ್ಲ. ಶರಣರು ಸೂತಕವನ್ನೊಪ್ಪಲಿಲ್ಲ, ಒಳ್ಳೆಯ ಗಳಿಗೆ ಕೆಟ್ಟ ಗಳಿಗೆ ಎಂದೆಣಿಸಲಿಲ್ಲ. ಕಾದರೂ ದೋಷವಿಲ್ಲ, ಕಾಯದಿದ್ದರೂ ಇಲ್ಲ. ಆದರೆ ದೂರದಲ್ಲಿ ಮಕ್ಕಳಿರುವ ಮನೆಯವರು ಮನೆಯಿಂದ ಮನೆಗೆ ಎಷ್ಟು ಗಂಟೆಯೆಂಬುದನ್ನು ನೆಮ್ಮದಿಯ ದಿನಗಳಲ್ಲೇ ಕೇಳಿ ಬರೆದಿಡಬೇಕು. ದುಃಖದಲ್ಲಿ ಕೂಡುವ ಕಳೆಯುವ ಲೆಕ್ಕ ಯಾರಿಗೂ ಸರಿಹೋಗದು.

ಪಂಚಾಂಗದ ಹಿಂಬದಿಯಲ್ಲಿ ಎರಡು ಸಾಲು ಎಳೆದು, ಅಲ್ಲಿಯ ಗಂಟೆ ಒಂದು ಕಡೆ, ಇಲ್ಲಿಯ ಗಂಟೆ ಒಂದು ಕಡೆ ಬರೆದು ಅಣ್ಣನಿಗೆ ತೋರಿಸಿದೆವು. ಅವರು 5-30ರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತರು. ಬಳಿಕ ಎದ್ದು, “ತಮ್ಮಾ, ನೀರು ಕಾದಿದೆ. ಮಿಂದು ಬಾ, ಸಮಾಧಿಯ ಹತ್ತಿರ ಹೋಗೋಣ” ಎಂದರು.